ಗಾಳಿಯ ತೂಕ ಮತ್ತು ಕಲ್ಲುಗುಂಡಿಯ ಟೀಚರ್

ಮೂರಡಿ ಉದ್ದದ ಗಾಜಿನ ನಳಿಗೆಗೆ ಪಾದರಸ ತುಂಬುವ ಕೆಲಸವನ್ನು ಆ ಬೇಸಿಗೆಯಲ್ಲಿ ನಾನೂ ನಮ್ಮ ಲ್ಯಾಬಿನ ಅಟೆಂಡರೂ ಸೇರಿ ಹನ್ನೊಂದು ಸಲ ಮಾಡಿದೆವು. ಒಂಬತ್ತು ಸಲ ಕೆಟ್ಟಿತು. ನಳಿಗೆಯ ಒಂದು ತುದಿ ಮುಚ್ಚಿರುತ್ತದೆ. ಇನ್ನೊಂದು ತುದಿಗೆ ಸಣ್ಣ ಆಲಿಕೆ ಇಟ್ಟು ಪಾದರಸವನ್ನು ನೂಲಿನಂತೆ ಇಳಿಸಬೇಕು. ಗಾಜಿನ ಒಳಮೈಗೆ ಒಂದೇ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಸಾಕು, ನಳಿಗೆಯನ್ನು ಮಗುಚಿದಾಗ ಅದು ಮೇಲೇರಿ ಖಾಲಿ ಇರಬೇಕಾದ ಜಾಗದಲ್ಲಿ ಕೂತು ಪಾದರಸವನ್ನು ಕೆಳಕ್ಕೆ ಒತ್ತುತ್ತದೆ. ಆಮೇಲೆ ಆ ಬ್ಯಾರೋಮೀಟರ್ ಹೇಳುವುದನ್ನು ನಂಬುವ ಹಾಗಿಲ್ಲ.

ಅಟೆಂಡರಿಗೆ ಐವತ್ತು ದಾಟಿತ್ತು. ನೆಲಕ್ಕೆ ಚೆಲ್ಲಿ ಉರುಳುವ ಹನಿಗಳನ್ನು ರಟ್ಟಿನ ತುಂಡಿನಿಂದ ಒಟ್ಟುಮಾಡುತ್ತಾ ಅವರು ಪಾದರಸಕ್ಕೆ ತುಳುವಿನಲ್ಲಿ ಬೈಯುತ್ತಿದ್ದರು. ಹತ್ತನೆಯ ಮತ್ತು ಹನ್ನೊಂದನೆಯ ಸಲ ಎರಡು ನಳಿಗೆಗಳು ಸರಿಯಾಗಿ ನಿಂತವು. ಪುತ್ತೂರಿನ ನಮ್ಮ ಕಾಲೇಜಿನಲ್ಲಿ ಒಂದು ಒಳ್ಳೆಯ ಬ್ಯಾರೋಮೀಟರ್ ಮೊದಲೇ ಇತ್ತು. ಹೊಸ ಎರಡರಲ್ಲಿ ಒಂದು ಕಡಬಕ್ಕೆ, ಇನ್ನೊಂದು ಸುಳ್ಯದಾಚೆ ಸಂಪಾಜೆಯ ಹತ್ತಿರದ ಕಲ್ಲುಗುಂಡಿಗೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಂಗಳನ ಮೇಲೂ ಶುಕ್ರನ ಮೇಲೂ ಇಳಿದ ಯಂತ್ರಗಳು ಅಲ್ಲಿಯ ಗಾಳಿಯ ಒತ್ತಡವನ್ನು ಅಳೆದು ಕಳಿಸಿದ ಸುದ್ದಿಗಳನ್ನು ನಾನು ಪತ್ರಿಕೆಗಳಿಂದ ಕತ್ತರಿಸಿ ಇಟ್ಟುಕೊಂಡಿದ್ದೆ. ಭೌತಶಾಸ್ತ್ರ ಕಲಿಸುವವನಿಗೆ ಅದರಲ್ಲಿ ಒಂದು ಚಂದದ ಲೆಕ್ಕ ಕಾಣುತ್ತದೆ. ಗ್ರಹದ ನೆಲದ ಮೇಲಿನ ಒತ್ತಡವನ್ನು ಅಲ್ಲಿಯ ಗುರುತ್ವದಿಂದ ಭಾಗಿಸಿದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಎಷ್ಟು ಗಾಳಿ ನಿಂತಿದೆ ಎಂದು ಸಿಗುತ್ತದೆ. ಅದನ್ನು ಗ್ರಹದ ಇಡೀ ಮೈಯ ವಿಸ್ತೀರ್ಣದಿಂದ ಗುಣಿಸಿದರೆ ಅದರ ವಾತಾವರಣದ ಒಟ್ಟು ದ್ರವ್ಯರಾಶಿ. ಆಕಾಶದಲ್ಲಿರುವ ಗೋಲವೊಂದರ ಗಾಳಿಯನ್ನೆಲ್ಲ ಕಾಗದದ ಮೇಲೆ ತೂಗಿಬಿಡಬಹುದು. ಮೊದಲು ನಮ್ಮ ಭೂಮಿಯದನ್ನು ಮೂರು ಊರುಗಳಲ್ಲಿ ನಮ್ಮದೇ ಕೈಯಿಂದ ಅಳೆದು, ಅದೇ ದಾರಿಯಲ್ಲಿ ಶುಕ್ರ, ಮಂಗಳಗಳ ಲೆಕ್ಕ ತೋರಿಸುವುದು ನನ್ನ ಯೋಜನೆ. ದೀಪಾವಳಿ ರಜೆಯ ಮೊದಲು ನಮ್ಮ ಕಾಲೇಜಿನಲ್ಲೇ ಭೌತಶಾಸ್ತ್ರ ಅಧ್ಯಾಪಕರ ಸಮ್ಮೇಳನ ನಡೆಯುವುದಿತ್ತು. ಅಲ್ಲಿ ಪ್ರಬಂಧ ಓದಬೇಕು ಎಂದು ಆಸೆ. ನನಗಾಗ ಮೂವತ್ತೊಂದು ವರ್ಷ. ಅಲ್ಲಿಯವರೆಗೆ ಬೇರೆಯವರು ಕಂಡುಹಿಡಿದದ್ದನ್ನು ಬೋರ್ಡಿನ ಮೇಲೆ ಬರೆದದ್ದಲ್ಲದೆ ಸ್ವಂತದ್ದು ಎಂದು ನಾನು ಏನೂ ಮಾಡಿರಲಿಲ್ಲ.

ಗುರುತ್ವಕ್ಕಾಗಿ ಎರಡು ತಿಂಗಳು ಕಳೆದೆ. ಲ್ಯಾಬಿನ ಒಂದು ಮೀಟರ್ ಲೋಲಕದಿಂದ ಬಂದ ಉತ್ತರ ದಿನಕ್ಕೊಂದು ಥರ ಇತ್ತು. ಕೊನೆಗೆ ಕಾಲೇಜಿನ ಮೆಟ್ಟಿಲ ಸಂದಿಯಲ್ಲಿ ಮೇಲಿನ ಮಹಡಿಯ ತೊಲೆಯಿಂದ ನಾಲ್ಕು ಮೀಟರ್ ತಂತಿ ಇಳಿಬಿಟ್ಟು ಹಿತ್ತಾಳೆಯ ಗುಂಡು ಕಟ್ಟಿದೆವು. ಒಂದು ತೂಗಾಟಕ್ಕೆ ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು. ನೂರು ತೂಗಾಟ ಎಣಿಸಬೇಕು. ಅಟೆಂಡರು ಹತ್ತಕ್ಕೊಂದರಂತೆ ಹುಣಸೆ ಬೀಜ ಸರಿಸುತ್ತಾ ಎಣಿಸಿದರೆ ನಾನು ಗಡಿಯಾರ ಹಿಡಿದು ನಿಲ್ಲುತ್ತಿದ್ದೆ. ಯಾರಾದರೂ ಮೆಟ್ಟಿಲು ಇಳಿದರೆ ಗಾಳಿ ಅಲುಗಿ ಲೆಕ್ಕ ಕೆಡುತ್ತಿತ್ತು. ಮತ್ತೆ ಒಂದರಿಂದ ಶುರು. ಕೊನೆಗೆ ಪುಸ್ತಕದಲ್ಲಿರುವ ಬೆಲೆಗೆ ಬಹಳ ಹತ್ತಿರ ಬಂದೆವು. ಅಷ್ಟು ಖುಷಿ ನನಗೆ ಡಿಗ್ರಿ ಸಿಕ್ಕಿದ ದಿವಸವೂ ಆಗಿರಲಿಲ್ಲ.

ಕಡಬದ ಬ್ಯಾರೋಮೀಟರನ್ನು ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಒಪ್ಪಿಸಿದೆ. ಕಲ್ಲುಗುಂಡಿಯದ್ದಕ್ಕೆ ಒಬ್ಬ ಟೀಚರ್ ಇದ್ದರು. ಸುಳ್ಯದಲ್ಲಿ ಪ್ರಾಥಮಿಕ ಶಾಲೆಯವರಿಗೆ ನಾನು ವಿಜ್ಞಾನದ ತರಬೇತಿ ಕೊಟ್ಟಾಗ ಮುಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡವರು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಮೊದಲ ದರ್ಜೆ ತೆಗೆದಿದ್ದರು. ಮಂಗಳೂರಿಗೆ ಕಳಿಸಿ ಮುಂದೆ ಓದಿಸಲು ಮನೆಯವರು ಒಪ್ಪದೆ ಟೀಚರ್ ತರಬೇತಿಗೆ ಸೇರಿದ್ದರಂತೆ. ಅರೆಭಾಷೆ ಮಾತಾಡುವ ಗೌಡರ ಮನೆಯವರು. ಮನೆ ಶಾಲೆಯ ಹಿಂದೆಯೇ. ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ.

ನಳಿಗೆಯನ್ನು ಬೈಹುಲ್ಲು ತುಂಬಿದ ಓಟೆಬಿದಿರಿನ ಕೊಳವೆಯೊಳಗೆ ಇಟ್ಟು, ಪಾದರಸದ ಸೀಸೆಗೆ ಗೋಣಿ ಸುತ್ತಿ, ನಾನೂ ಅಟೆಂಡರೂ ಮಡಿಕೇರಿ ಬಸ್ಸು ಹತ್ತಿದೆವು. ಕಂಡಕ್ಟರು ಕೊಳವೆಯನ್ನು ನೋಡಿ, "ಎಂತ ಮಾರಾಯ್ರೆ, ಕೋವಿಯಾ?" ಎಂದ.

"ಗಾಳಿ ತೂಗುದು," ಎಂದರು ಅಟೆಂಡರು.

"ಗಾಳಿಗೆ ಟಿಕೇಟ್ ಬೇಡ. ನಿಮಗೆ ಇಬ್ಬರಿಗೆ ಕೊಡ್ತೇನೆ," ಎಂದು ಅವನು ಹರಿದು ಕೊಟ್ಟ.

ಶಾಲೆಯ ಸಾಮಾನು ಕೋಣೆಯಲ್ಲಿ ಗೋಡೆಗೆ ಹಲಗೆ ಹೊಡೆದು ಬ್ಯಾರೋಮೀಟರ್ ನಿಲ್ಲಿಸಿದೆವು. ಮಕ್ಕಳು ಪಾದರಸ ಮುಟ್ಟದ ಹಾಗೆ ಬೀಗ. ಪಕ್ಕದಲ್ಲಿ ಒಂದು ಥರ್ಮಾಮೀಟರ್. ದಿನಕ್ಕೆ ಒಮ್ಮೆ, ಮಧ್ಯಾಹ್ನದ ಬಿಡುವಿನಲ್ಲಿ ನೋಡಿ ಬರೆದು ಹದಿನೈದು ದಿನಕ್ಕೊಮ್ಮೆ ಅಂಚೆಯಲ್ಲಿ ಕಳಿಸಿದರೆ ಸಾಕು ಎಂದು ಟೀಚರಿಗೆ ಹೇಳಿದೆ. ಲೆಕ್ಕವನ್ನೂ ವಿವರಿಸಿದೆ. ಮೆಟ್ಟಿಲ ಸಂದಿಯ ಲೋಲಕದ ಕತೆಯನ್ನು ಸ್ವಲ್ಪ ಹೆಚ್ಚೇ ಹೇಳಿದೆ ಎಂದು ಕಾಣುತ್ತದೆ.

ಅವರು ಪಾದರಸದ ಕಂಬವನ್ನೇ ನೋಡುತ್ತಿದ್ದರು. "ಸರ್, ಒಂದು ಕೇಳುದಾ?"

"ಕೇಳಿ."

"ಇದು ತಕ್ಕಡಿ ಹಾಗೆ ಅಲ್ವಾ? ಒಂದು ಕಡೆ ಗಾಳಿ, ಒಂದು ಕಡೆ ಪಾದರಸ. ಎರಡನ್ನೂ ಎಳೆಯುದು ಒಂದೇ ಭೂಮಿ. ಹಾಗಾದ್ರೆ ಗುರುತ್ವ ಎಷ್ಟಾದ್ರೂ ಎಂತ? ಎರಡು ಕಡೆಯೂ ಹೊಡೆದು ಹೋಗುದಿಲ್ವಾ?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದೆ. ಪಾದರಸದ ಎತ್ತರದಿಂದ ಒತ್ತಡ ಲೆಕ್ಕ ಹಾಕುವಾಗ ಗುರುತ್ವದಿಂದ ಗುಣಿಸುತ್ತೇವೆ. ಆಮೇಲೆ ಗಾಳಿಯ ದ್ರವ್ಯರಾಶಿಗಾಗಿ ಅದೇ ಗುರುತ್ವದಿಂದ ಭಾಗಿಸುತ್ತೇವೆ. ಗುರುತ್ವ ಬೇಕಾಗಿಯೇ ಇಲ್ಲ. ಪಾದರಸದ ಎತ್ತರವನ್ನು ಅದರ ಸಾಂದ್ರತೆಯಿಂದ ಗುಣಿಸಿದರೆ ಮುಗಿಯಿತು, ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ ಗಾಳಿ. ನನ್ನ ಎರಡು ತಿಂಗಳ ನಾಲ್ಕು ಮೀಟರ್ ತಂತಿಯನ್ನು ಟೀಚರ್ ಸಾಮಾನು ಕೋಣೆಯಲ್ಲಿ ನಿಂತು ಎರಡು ಮಾತಿನಲ್ಲಿ ಕಡಿದುಹಾಕಿದ್ದರು.

"ಶುಕ್ರಗ್ರಹಕ್ಕೆ ಅದು ಬೇಕಾಗ್ತದೆ ಟೀಚರ್," ಎಂದೆ. "ಅಲ್ಲಿ ಪಾದರಸದ ಕಂಬ ಇಟ್ಟು ನೋಡುದಲ್ಲ."

ಅದು ತಪ್ಪು ಉತ್ತರವಲ್ಲ. ಆದರೆ ಅವರು ಕೇಳಿದ್ದು ಕಲ್ಲುಗುಂಡಿಯ ಬಗ್ಗೆ. ಹೌದು, ನೀವು ಹೇಳಿದ್ದು ಸರಿ, ನನಗೆ ಹೊಳೆದಿರಲಿಲ್ಲ ಎನ್ನಬೇಕಿತ್ತು. ಹಿಂದಿರುಗುವ ಬಸ್ಸಿನಲ್ಲಿ ಅಟೆಂಡರು, "ಟೀಚರ್ ಹುಷಾರುಂಟು," ಎಂದಾಗಲೂ ನಾನು ಬೇರೆ ಮಾತು ತೆಗೆದೆ. ಪ್ರಬಂಧದಲ್ಲಿ ಲೋಲಕದ ಅಧ್ಯಾಯವನ್ನು ಹಾಗೆಯೇ ಉಳಿಸಿಕೊಂಡೆ.

ಜೂನಿನಿಂದ ಅಂಕಿಗಳು ಬರಲು ಶುರುವಾದವು. ಕಡಬದ ಅಂಕಿಗಳು ನಾನು ನಿರೀಕ್ಷಿಸಿದ ಹಾಗೆಯೇ ಇದ್ದವು. ಒಂದು ದಿವಸ ಸ್ವಲ್ಪ ಮೇಲೆ, ಒಂದು ದಿವಸ ಕೆಳಗೆ, ಜೋರು ಮಳೆಯ ದಿವಸ ಇನ್ನಷ್ಟು ಕೆಳಗೆ. ಕಲ್ಲುಗುಂಡಿಯ ಲಕೋಟೆ ದಪ್ಪಗಿತ್ತು. ದಿನಕ್ಕೊಂದು ಸಾಕು ಎಂದಿದ್ದರೆ ಟೀಚರ್ ಐದು ಸಲ ಬರೆದಿದ್ದರು. ಬೆಳಿಗ್ಗೆ ಏಳು, ಹತ್ತು, ಮಧ್ಯಾಹ್ನ ಒಂದು, ನಾಲ್ಕು, ಸಂಜೆ ಏಳು. ಜೊತೆಗೆ ಪ್ರತಿ ಸಲದ ಉಷ್ಣತೆ. ಮೇಲೊಂದು ಚೀಟಿ: "ನೋಡಿದಾಗಲೆಲ್ಲ ಬೇರೆ ಬೇರೆ ಇರುತ್ತದೆ ಸರ್. ಆದ್ದರಿಂದ ಐದು ಸಲ ಬರೆದೆ."

ಮೊದಲ ನೋಟಕ್ಕೆ ಮೆಚ್ಚುಗೆಯಾಯಿತು. ಸಾಲುಗಳನ್ನು ಓದುತ್ತಾ ಹೋದಂತೆ ಅನುಮಾನ ಹುಟ್ಟಿತು. ಏಳರಿಂದ ಹತ್ತಕ್ಕೆ ಕಂಬ ಏರುತ್ತದೆ. ಹತ್ತರಿಂದ ನಾಲ್ಕಕ್ಕೆ ಎರಡು ಮಿಲಿಮೀಟರಿನಷ್ಟು ಇಳಿಯುತ್ತದೆ. ಸಂಜೆಗೆ ಮತ್ತೆ ಏರಲು ಶುರು. ಮರುದಿವಸವೂ ಅದೇ. ಅದರ ಮರುದಿವಸವೂ. ಆಷಾಢದ ಜಡಿಮಳೆ ಬಂದರೂ ಅದೇ, ಹೊಳವಾಗಿ ಬಿಸಿಲು ಬಂದರೂ ಅದೇ. ಎರಡನೆಯ ಲಕೋಟೆ, ಮೂರನೆಯದು, ನಾಲ್ಕನೆಯದು, ಎಲ್ಲದರಲ್ಲೂ ಅದೇ ಏರಿಳಿತ. ಒಂದೇ ಶಾಯಿ, ಒಂದೇ ಅಚ್ಚುಕಟ್ಟಾದ ಅಕ್ಷರ, ಒಂದು ತಿದ್ದುಪಡಿ ಇಲ್ಲ.

ನಾನು ತರ್ಕ ಮಾಡಿದೆ. ಆ ತರ್ಕ ಇವತ್ತಿಗೂ ನನಗೆ ಬಾಯಿಪಾಠ ಉಂಟು. ಮಧ್ಯಾಹ್ನದ ಬಿಸಿಗೆ ಪಾದರಸ ಹಿಗ್ಗುತ್ತದೆ, ಆದ್ದರಿಂದ ನಾಲ್ಕು ಗಂಟೆಗೆ ಕಂಬ ಒಂದಿಷ್ಟು ಮೇಲಿರಬೇಕು. ಇವರದ್ದು ಕೆಳಗಿದೆ. ಮಳೆ ಬರುವಾಗ ಒತ್ತಡ ಇಳಿಯಬೇಕು. ಇವರದ್ದು ಇಳಿಯುವುದಿಲ್ಲ. ಪ್ರಕೃತಿ ಟೈಂಟೇಬಲ್ ಹಾಕಿಕೊಂಡು ನಡೆಯುವುದಿಲ್ಲ. ಹಾಗಾದರೆ ಇದು ನೋಡಿ ಬರೆದದ್ದಲ್ಲ. ಹದಿನೈದು ದಿನದ್ದನ್ನು ಒಟ್ಟಿಗೆ ಕೂತು ಬರೆದದ್ದು.

ಪುತ್ತೂರಿನ ಬ್ಯಾರೋಮೀಟರನ್ನು ನಾನು ದಿನಕ್ಕೊಮ್ಮೆ, ಊಟದ ಬಿಡುವಿನಲ್ಲಿ ಮಾತ್ರ ನೋಡುತ್ತಿದ್ದೆ. ಹತ್ತಕ್ಕೆ ಕ್ಲಾಸು ಇರುತ್ತಿತ್ತು. ನಾಲ್ಕಕ್ಕೆ ದರ್ಬೆಯ ನನ್ನ ರೂಮಿಗೆ ಹೊರಡುವ ಆತುರ. ಹತ್ತಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಲ್ಯಾಬಿನ ಬಾಗಿಲು ತೆಗೆದು ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. ಎರಡು ಸಲ ಐದೈದು ನಿಮಿಷದ ಕೆಲಸ.

ಅಟೆಂಡರು ಅದನ್ನೇ ಹೇಳಿದರು. ಸಮ್ಮೇಳನದ ಹಿಂದಿನ ದಿವಸ ಬೆಳಿಗ್ಗೆ, ನಕ್ಷೆಗಳನ್ನು ಗೋಡೆಗೆ ಹಚ್ಚುತ್ತಿದ್ದಾಗ, ಟೀಚರದ್ದು ಎಲ್ಲಿ ಎಂದು ಕೇಳಿದರು. ಹಾಕುವುದಿಲ್ಲ, ಅದು ನೋಡದೆ ಕೈಯಿಂದ ಬರೆದದ್ದು ಎಂದೆ.

"ಹಾಗೆ ಮಾಡುವ ಜನ ಅಲ್ಲ ಅವರು," ಎಂದರು. ಇನ್ನೊಂದು ನಕ್ಷೆಗೆ ಅಂಟು ಹಚ್ಚುತ್ತಾ, "ಬೆಳಿಗ್ಗೆ ಗುಡಿಸ್ಲಿಕ್ಕೆ ಬರುವಾಗ ನಮ್ಮದೂ ಮೇಲೆ ಇದ್ದ ಹಾಗೆ ಕಾಣ್ತದೆ ಸರ್. ಇವತ್ತು ಒಂದು ದಿವಸ ಹತ್ತಕ್ಕೆ, ನಾಲ್ಕಕ್ಕೆ ನೋಡುವ."

"ಇವತ್ತು ಪುರುಸೊತ್ತು ಎಲ್ಲಿ ಉಂಟು?" ಎಂದೆ.

ಪುರುಸೊತ್ತು ಇತ್ತು. ಆ ದಿವಸ ನಾಲ್ಕು ಗಂಟೆಗೆ ನಾನು ಅದೇ ಕಟ್ಟಡದಲ್ಲಿ ಕುರ್ಚಿಗಳನ್ನು ಎಣಿಸುತ್ತಿದ್ದೆ. ಲ್ಯಾಬು ಇಪ್ಪತ್ತು ಹೆಜ್ಜೆ ದೂರ. ನೋಡದೆ ಇರುವುದು ಒಂದು ತೀರ್ಮಾನ ಎಂದು ಆಗ ಅನಿಸಿರಲಿಲ್ಲ. ಟೀಚರ ಅಂಕಿಗಳನ್ನು ಬಿಟ್ಟುಬಿಟ್ಟೆ. ಅಷ್ಟೇ ಆಗಿದ್ದರೆ ಒಂದು ತೂಕ. ಯಾಕೆ ಬಿಟ್ಟೆ ಎಂದು ಪ್ರಬಂಧದಲ್ಲಿ ಎರಡು ವಾಕ್ಯವನ್ನೂ ಸೇರಿಸಿದೆ.

ಸಮ್ಮೇಳನಕ್ಕೆ ಅರುವತ್ತು ಎಪ್ಪತ್ತು ಜನ ಬಂದಿದ್ದರು. ಮುಖ್ಯ ಅತಿಥಿ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು. ವೀಕ್ಷಣೆ ಮಾಡಿದವರನ್ನೆಲ್ಲ ಬರಬೇಕೆಂದು ತಿಂಗಳ ಹಿಂದೆ ನಾನೇ ಕಾಗದ ಬರೆದಿದ್ದೆ. ಕಡಬದವನು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಟೀಚರನ್ನು ಕರೆದದ್ದು ನನಗೆ ಮರೆತೇ ಹೋಗಿತ್ತು. ವೇದಿಕೆಗೆ ಹೋದ ಮೇಲೆ ನೋಡುತ್ತೇನೆ, ಹಿಂದಿನ ಸಾಲಿನಲ್ಲಿ ಒಂದು ಉದ್ದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಮೂಲ ಪುಸ್ತಕವನ್ನೇ ತಂದಿದ್ದರು ಎಂದು ಆಮೇಲೆ ಗೊತ್ತಾಯಿತು.

ಆ ಎರಡು ವಾಕ್ಯಗಳನ್ನು ಓದದೆ ದಾಟಬಹುದಿತ್ತು. ಕೈಯಲ್ಲಿ ಕಾಗದ ಇದ್ದಾಗ ಮನುಷ್ಯ ಬರೆದದ್ದನ್ನು ಓದುತ್ತಾನೆ. "ಕಲ್ಲುಗುಂಡಿ ಕೇಂದ್ರದ ಅಂಕಿಗಳು ದಿನವೂ ಒಂದೇ ಕ್ರಮದಲ್ಲಿ ಏರಿ ಇಳಿಯುವುದರಿಂದ, ಉಪಕರಣವನ್ನು ನೋಡದೆ ಬರೆದವುಗಳೆಂದು ತೋರುತ್ತದೆ. ಅವುಗಳನ್ನು ಕೈಬಿಡಲಾಗಿದೆ." ಓದಿ ತಲೆಯೆತ್ತಿದೆ. ಯಾರೋ ನಕ್ಕರು. ಅಧಿಕಾರಿ ಪಕ್ಕದವರಲ್ಲಿ, "ಕಲ್ಲುಗುಂಡಿಯಲ್ಲಿ ಯಾರು?" ಎಂದು ಕೇಳಿದ್ದು ಮೈಕಿನಲ್ಲೂ ಕೇಳಿಸಿತು. ನಾನು ಮುಂದುವರಿಸಿದೆ. ಭೂಮಿಯ ಗಾಳಿಯೆಲ್ಲ ಸೇರಿ ಐದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ಕಿಲೋಗ್ರಾಂ ಎಂದು ಬೋರ್ಡಿನ ಮೇಲೆ ಬರೆದೆ. ಶುಕ್ರನದ್ದು ಅದರ ತೊಂಬತ್ತು ಪಟ್ಟು, ಮಂಗಳನದ್ದು ಇನ್ನೂರರಲ್ಲಿ ಒಂದು ಪಾಲೂ ಇಲ್ಲ. ಚಪ್ಪಾಳೆ ಬಿತ್ತು. ನಾನು ಹಿಂದಿನ ಸಾಲಿಗೆ ನೋಡುವಷ್ಟರಲ್ಲಿ ಅಲ್ಲಿ ಕುರ್ಚಿ ಖಾಲಿ.

ಮುಂದಿನ ಶನಿವಾರ ಮಧ್ಯಾಹ್ನ ಟೀಚರ್ ಲ್ಯಾಬಿಗೆ ಬಂದರು. ಜೊತೆಗೆ ತಮ್ಮನೋ ಅಣ್ಣನೋ, ನಳಿಗೆಯ ಕೊಳವೆ ಹಿಡಿದುಕೊಂಡು ಹೊರಗೇ ನಿಂತಿದ್ದ. ಅವರು ಪಾದರಸದ ಸೀಸೆಯನ್ನು ಮೇಜಿನ ಮೇಲಿಟ್ಟರು.

"ತೂಗಿ ನೋಡಿ ಸರ್. ಕಡಿಮೆ ಇಲ್ಲ."

"ಅದೆಲ್ಲ ಬೇಡ ಟೀಚರ್."

"ಬೇಕು. ಆಮೇಲೆ ಅದಕ್ಕೂ ಒಂದು ಮಾತು ಬರುದು ಬೇಡ."

ಅಟೆಂಡರು ಸೀಸೆಯನ್ನು ತೂಗಿದರು. ಸರಿಯಾಗಿತ್ತು. ನಾನು ಏನೋ ಹೇಳಲು ಹೋದೆ. ಹೆಸರು ಹೇಳಿಲ್ಲ, ವಿಜ್ಞಾನದಲ್ಲಿ ಹೀಗೆ ಬರೆಯುವುದು ಪದ್ಧತಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇತ್ಯಾದಿ. ಅವರು ಕೇಳಿ ಮುಗಿಸಿದರು.

"ನಮ್ಮಲ್ಲಿ ನನಗೆ ಮೆಮೊ ಕೊಟ್ಟಿದ್ದಾರೆ," ಎಂದರು. "ಸರಕಾರಿ ಕೆಲಸದ ಹೊತ್ತಿನಲ್ಲಿ ಸುಳ್ಳು ಲೆಕ್ಕ ಬರೆದದ್ದಕ್ಕೆ ಉತ್ತರ ಕೊಡಬೇಕಂತೆ. ಅದನ್ನು ನಾನು ನೋಡಿಕೊಳ್ತೇನೆ. ನೀವು ಒಂದು ದಿವಸ ಕಲ್ಲುಗುಂಡಿಗೆ ಬಂದು ನೋಡಿದ್ದರೆ ಸಾಕಿತ್ತು ಸರ್. ಒಂದು ದಿವಸ."

ಧ್ವನಿ ಏರಿಸಲಿಲ್ಲ. ಅಟೆಂಡರಿಗೆ ಮಾತ್ರ ಕೈಮುಗಿದು ಹೋದರು. ನಾನು ಅವರ ಹೆಡ್‌ಮಾಸ್ಟರಿಗೆ ಒಂದು ಕಾಗದ ಬರೆದು ಟೀಚರದ್ದು ತಪ್ಪಿಲ್ಲ ಎನ್ನಬೇಕೆಂದು ಯೋಚಿಸಿದೆ. ಆದರೆ ಹಾಗೆ ಬರೆದರೆ ಪ್ರಬಂಧದಲ್ಲಿ ಬರೆದದ್ದು ಸುಳ್ಳಾಗುತ್ತದೆ. ಬರೆಯಲಿಲ್ಲ.

ವರ್ಷಗಳು ಹೋದವು. ಪ್ರಬಂಧ ಅಧ್ಯಾಪಕರ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು, ನನಗೆ ಒಳ್ಳೆಯ ಹೆಸರೂ ಬಂತು. ಎಂಬತ್ತರ ದಶಕದ ನಡುವೆ ನಮ್ಮ ಕಾಲೇಜಿಗೆ ಒಂದು ಹಳೆಯ ಬ್ಯಾರೋಗ್ರಾಫ್ ದಾನವಾಗಿ ಬಂತು. ಕಾಫಿ ತೋಟದವರೊಬ್ಬರು ಕೊಟ್ಟದ್ದು. ಗಡಿಯಾರದ ಯಂತ್ರದಿಂದ ವಾರಕ್ಕೊಂದು ಸುತ್ತು ತಿರುಗುವ ಉರುಳೆ, ಅದರ ಮೇಲೆ ಕಾಗದ, ಕಾಗದದ ಮೇಲೆ ಒತ್ತಡವನ್ನು ತಾನಾಗಿ ಬರೆಯುವ ಲೇಖನಿ. ಮನುಷ್ಯನ ಕೈ ಅದಕ್ಕೆ ಬೇಡ. ಒಂದು ಸೋಮವಾರ ಕೀಲಿ ಕೊಟ್ಟು ಶಾಯಿ ಹಾಕಿ ಇಟ್ಟೆವು. ಮುಂದಿನ ಸೋಮವಾರ ಅಟೆಂಡರು ಕಾಗದವನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದರು. ಅವರಿಗೆ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು.

ಕಾಗದದ ಉದ್ದಕ್ಕೂ ಅಲೆಗಳಿದ್ದವು. ದಿನಕ್ಕೆ ಎರಡು. ಬೆಳಿಗ್ಗೆ ಹತ್ತಕ್ಕೆ ಒಂದು ಏರು, ಸಂಜೆ ನಾಲ್ಕಕ್ಕೆ ಇಳಿವು, ಮತ್ತೆ ಏರು, ಮತ್ತೆ ಇಳಿವು. ಏಳು ದಿನಕ್ಕೆ ಹದಿನಾಲ್ಕು. ಗುರುವಾರ ಶುಕ್ರವಾರ ಸುರಿದ ಮಳೆಯ ಗುರುತೇ ಅದರಲ್ಲಿ ಇರಲಿಲ್ಲ.

ಅಟೆಂಡರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಇದು ಟೀಚರದ್ದೇ ಅಲ್ವಾ ಸರ್?"

ನಾನು ಹೌದೆಂದೆ.

ಆ ಮಧ್ಯಾಹ್ನ ನಮ್ಮದೇ ಲೈಬ್ರೆರಿಯಲ್ಲಿ ಹವಾಮಾನ ಶಾಸ್ತ್ರದ ಒಂದು ದಪ್ಪ ಪುಸ್ತಕ ತೆಗೆದೆ. ಸ್ಟಾಕು ನೋಡುವಾಗ ನಾನೇ ಎರಡು ಸಲ ಸಹಿ ಹಾಕಿದ ಪುಸ್ತಕ. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಸಮುದ್ರದ ಭರತದಂತೆ ಏರಿ ಇಳಿಯುತ್ತದೆ, ಗಡಿಯಾರವನ್ನು ಹೊಂದಿಸಬಹುದಾದಷ್ಟು ನಿಯಮಿತವಾಗಿ, ಸಾಧಾರಣ ಮಳೆಗೂ ಅದು ಅಷ್ಟಾಗಿ ಕದಲುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇದು ನನ್ನ ಅಜ್ಜನ ಅಜ್ಜನ ಕಾಲದಿಂದ ಗೊತ್ತಿದ್ದ ಸಂಗತಿ. ನನ್ನ ಹಳೆಯ ಫೈಲಿನಲ್ಲಿ ಉಳಿದಿದ್ದ ಟೀಚರ ಕೆಲವು ಹಾಳೆಗಳನ್ನು ತೆಗೆದು ಅವರೇ ಬರೆದಿದ್ದ ಉಷ್ಣತೆಯ ತಿದ್ದುಪಡಿ ಹಾಕಿದೆ. ನಾಲ್ಕು ಗಂಟೆಯ ಇಳಿವು ಇನ್ನೂ ಸ್ವಲ್ಪ ಆಳವಾಗಿ ಪುಸ್ತಕದ ಅಳತೆಗೆ ಸರಿಯಾಗಿ ಕೂತಿತು. ಪಾದರಸ ಬಿಸಿಗೆ ಹಿಗ್ಗಿದರೂ ಕಂಬ ಇಳಿದಿತ್ತು ಎಂದರೆ ಗಾಳಿಯ ಇಳಿವು ಅಷ್ಟು ದೊಡ್ಡದು ಎಂದೇ ಅರ್ಥ. ಅದೇ ಸಂಗತಿಯನ್ನು ಹಿಡಿದು ನಾನು ಅವರನ್ನು ಸುಳ್ಳುಗಾರ್ತಿ ಮಾಡಿದ್ದೆ.

ಕಡಬದ ಅಂಕಿಗಳ ಬಗ್ಗೆ ತಿಳಿದದ್ದು ಅದೇ ತಿಂಗಳು. ಕಡಬದ ಔಷಧಿ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ ಆ ಹಳೆಯ ವಿದ್ಯಾರ್ಥಿ ಒಳಗೆ ಕರೆದು ಚಾ ತರಿಸಿದ. ಬ್ಯಾರೋಮೀಟರಿನ ಮಾತು ಬಂತು.

"ಅದು ಎರಡನೇ ವಾರವೇ ಕೆಟ್ಟಿತ್ತು ಸರ್," ಎಂದ ನಗುತ್ತಾ. "ಒಳಗೆ ಗಾಳಿ ಹೋಗಿ ಕಂಬ ಕೆಳಗೆ ಬಂತು. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ. ಅಂದಾಜಿಗೆ ಬರೀತಿದ್ದೆ. ಮಳೆ ಬಂದ ದಿವಸ ಸ್ವಲ್ಪ ಕಡಿಮೆ. ನೀವೇ ಪಾಠ ಮಾಡಿದ್ದಲ್ವಾ, ಮಳೆಗೆ ಒತ್ತಡ ಇಳೀತದೆ ಅಂತ."

ನಾನು ಚಾ ಕುಡಿದು ಮುಗಿಸಿದೆ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ನನಗೆ ಬೇಕಾದದ್ದನ್ನು ಬರೆದುಕೊಟ್ಟಿದ್ದ. ನಾನು ಅದನ್ನು ಪ್ರಕೃತಿಯ ಕೈಬರಹ ಎಂದು ಓದಿದ್ದೆ. ಪಾದರಸದ ಕಂಬವನ್ನು ನಿಜವಾಗಿ ನೋಡಿದ ಒಬ್ಬರನ್ನು ಹೊರಗೆ ಹಾಕಿದ್ದೆ.

ಕಲ್ಲುಗುಂಡಿಗೆ ಹೋಗಲು ಇನ್ನೂ ಎರಡು ತಿಂಗಳು ತೆಗೆದುಕೊಂಡೆ. ಪರೀಕ್ಷೆ, ಮೌಲ್ಯಮಾಪನ, ಜ್ವರ ಎಂದು ನೆಪಗಳು ಸಿಕ್ಕಿದವು. ಕೊನೆಗೆ ಜುಲೈ ತಿಂಗಳ ಒಂದು ದಿವಸ ಬ್ಯಾರೋಗ್ರಾಫಿನ ಕಾಗದವನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಟೀಚರ್ ಅದೇ ಶಾಲೆಯಲ್ಲಿದ್ದರು. ಮಧ್ಯಾಹ್ನದ ಬಿಡುವು. ಜಗಲಿಯಲ್ಲಿ ಬೆಂಚು ಹಾಕಿಸಿ ಕೂರಿಸಿದರು, ನೀರು ತಂದುಕೊಟ್ಟರು. ಮುಖದಲ್ಲಿ ಸಿಟ್ಟು ಇರಲಿಲ್ಲ, ಸ್ನೇಹವೂ ಇರಲಿಲ್ಲ. ಇಲಾಖೆಯಿಂದ ಬಂದವರನ್ನು ಕೂರಿಸುವ ಹಾಗೆ ಕೂರಿಸಿದರು.

ನಾನು ಸುರುಳಿ ಬಿಚ್ಚಿದೆ. ಅವರು ಅದನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿದರು. ಬೆರಳು ಮೆಲ್ಲ ಗೆರೆಯ ಮೇಲೆ ಹೋಯಿತು.

"ಹತ್ತು ಗಂಟೆ," ಎಂದರು. "ಇದು ನಾಲ್ಕು."

"ಹೌದು. ನೀವು ಬರೆದದ್ದು ಸರಿ ಇತ್ತು ಟೀಚರ್. ತಪ್ಪು ನನ್ನದು. ಕಡಬದ್ದು ಸುಳ್ಳು, ನಿಮ್ಮದು ನಿಜ. ಪತ್ರಿಕೆಗೆ ತಿದ್ದುಪಡಿ ಬರೆಯುತ್ತೇನೆ. ನಿಮ್ಮ ಹೆಸರು ಹಾಕುತ್ತೇನೆ. ನಿಮ್ಮ ಪುಸ್ತಕ ಇದ್ದರೆ ಕೊಡಿ, ಎಲ್ಲ ಅಂಕಿಗಳೂ ಅಚ್ಚಾಗಬೇಕು."

"ಪುಸ್ತಕ ಇಲ್ಲ ಸರ್. ಮೆಮೊದ ವಿಚಾರಣೆಗೆ ಅಂತ ತೆಗೊಂಡು ಹೋದರು. ವಾಪಸ್ ಬರ್ಲಿಲ್ಲ." ಕಾಗದದಿಂದ ಕಣ್ಣು ತೆಗೆಯದೆ ಹೇಳಿದರು. "ನಾನು ನೋಡಿದ್ದು ಸರಿ ಅಂತ ನನಗೆ ಗೊತ್ತಿತ್ತು. ಅದು ಗೊತ್ತಿದ್ದರೆ ಸಾಕು ಅಂತ ಮಾಡಿದ್ದೆ. ಸಾಕಾಗ್ಲಿಲ್ಲ."

"ಮೆಮೊ ಎಂತ ಆಯ್ತು?"

"ಎಚ್ಚರಿಕೆ ಕೊಟ್ಟು ಬಿಟ್ಟರು. ಅದು ದೊಡ್ಡದಲ್ಲ. ಆದರೆ ಹೆಡ್‌ಮಾಸ್ಟ್ರು ನನ್ನನ್ನು ವಿಜ್ಞಾನದಿಂದ ತೆಗೆದರು. ಮಕ್ಕಳ ಮನೆಯಲ್ಲೆಲ್ಲ ಸುದ್ದಿ ಆಗಿತ್ತಲ್ಲ. ಸುಳ್ಳು ಲೆಕ್ಕದ ಟೀಚರ್ ಹತ್ರ ಎಂತ ಕಲಿಯುದು ಅಂತ. ಈಗ ನಾನು ಕನ್ನಡ ಮಾಡುದು, ಹೊಲಿಗೆ ಮಾಡುದು. ಏಳನೇ ಕ್ಲಾಸಿನಲ್ಲಿ ಬ್ಯಾರೋಮೀಟರಿನ ಪಾಠ ಉಂಟು. ಅದನ್ನು ಮಾಡುವಾಗ ನಾನು ಆಚೆ ಕೋಣೆಯಲ್ಲಿ ಇರ್ತೇನೆ. ಕೇಳ್ತದೆ."

ನಾನು ಹೆಡ್‌ಮಾಸ್ಟರಲ್ಲಿ ಈಗಲೇ ಮಾತಾಡುತ್ತೇನೆ ಎಂದು ಎದ್ದೆ. ಬೇಡ ಎಂದು ಕೈಯಾಡಿಸಿದರು. "ಅವರು ನಿವೃತ್ತಿ ಆಗಿ ಹೋದರು. ಈಗಿನವರಿಗೆ ಅದೊಂದೂ ಗೊತ್ತಿಲ್ಲ. ಕೇಳಿದ್ರೆ ಕೊಟ್ಟಾರು. ನಾನೇ ಕೇಳ್ಲಿಲ್ಲ. ಈಗ ಮಕ್ಕಳ ಎದುರು ನಿಂತು ಇದು ಹೀಗೆ ಅಂತ ಹೇಳ್ಲಿಕ್ಕೆ ಮೊದಲಿನ ಹಾಗೆ ಬಾಯಿ ಬರುದಿಲ್ಲ ಸರ್."

ಅವರು ಮತ್ತೆ ಕಾಗದ ನೋಡಿದರು. ಅಲೆಗಳನ್ನು ಎಣಿಸಿದರು. ಆಮೇಲೆ, ಸಾಮಾನು ಕೋಣೆಯಲ್ಲಿ ಮೊದಲ ದಿವಸ ಕೇಳಿದ ಅದೇ ಧ್ವನಿಯಲ್ಲಿ ಕೇಳಿದರು.

"ಎರಡು ಸಲ ಯಾಕೆ? ಬಿಸಿ ಮಾಡುದು ಸೂರ್ಯ ಆದ್ರೆ ದಿನಕ್ಕೆ ಒಂದೇ ಸಲ ಅಲ್ವಾ ಏರಿ ಇಳಿಯಬೇಕಾದ್ದು?"

ಪುಸ್ತಕದಲ್ಲಿ ಅದಕ್ಕೆ ಒಂದು ಪುಟದ ವಿವರಣೆ ಇತ್ತು. ಮೇಲಿನ ಗಾಳಿಯಲ್ಲಿರುವ ಓಝೋನ್ ಬಿಸಿಲನ್ನು ಹೀರುವುದು, ವಾತಾವರಣ ಅರ್ಧ ದಿನದ ಅಲೆಗೆ ಹೆಚ್ಚು ಸ್ಪಂದಿಸುವುದು, ಇತ್ಯಾದಿ. ನಾನು ಅದನ್ನು ಓದಿದ್ದೆ, ಪೂರ್ತಿ ಅರ್ಥವಾಗಿರಲಿಲ್ಲ. ಅರ್ಥವಾಗದ್ದನ್ನು ಅರ್ಥವಾದಂತೆ ಹೇಳುವುದು ನನ್ನ ಅಭ್ಯಾಸ. ಆ ದಿವಸ ಹಾಗೆ ಮಾಡಲಿಲ್ಲ.

"ನನಗೆ ಸರಿಯಾಗಿ ಗೊತ್ತಿಲ್ಲ ಟೀಚರ್," ಎಂದೆ.

ಅವರು ನನ್ನ ಮುಖ ನೋಡಿದರು. ಆ ಭೇಟಿಯಲ್ಲಿ ಮೊದಲ ಸಲ ಎಂದು ಕಾಣುತ್ತದೆ. ಅಷ್ಟರಲ್ಲಿ ಬೆಲ್ಲಾಯಿತು. ಮಕ್ಕಳು ಬಚ್ಚಲಿನ ಕಡೆಯಿಂದ ಕೈ ಒರಸುತ್ತಾ ಓಡಿ ಬಂದರು. ಟೀಚರ್ ಕಾಗದವನ್ನು ಮೊದಲಿದ್ದ ಹಾಗೆಯೇ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. ನಿಮಗಾಗಿಯೇ ತಂದದ್ದು, ಇಟ್ಟುಕೊಳ್ಳಿ ಎಂದೆ.

"ಇದು ಯಂತ್ರ ಬರೆದದ್ದು ಸರ್," ಎಂದರು. "ನನ್ನದು ಹೋಯ್ತು."

ತಿದ್ದುಪಡಿ ಬರೆದು ಕಳಿಸಿದೆ. ಪತ್ರಿಕೆಯ ಕೊನೆಯ ಪುಟದಲ್ಲಿ, ಸಭೆಯ ಸೂಚನೆಯ ಕೆಳಗೆ, ಎಂಟು ಸಾಲಾಗಿ ಬಂತು. ಟೀಚರ ಹೆಸರನ್ನು ಹಾಕಿದ್ದೆ, ಅಚ್ಚಿನಲ್ಲಿ ಅದೂ ಒಂದು ಅಕ್ಷರ ತಪ್ಪಿತು. ಒಂದು ಪ್ರತಿಯನ್ನು ಆ ಅಕ್ಷರ ಕೈಯಿಂದ ತಿದ್ದಿ ಕಲ್ಲುಗುಂಡಿಗೆ ಅಂಚೆಯಲ್ಲಿ ಕಳಿಸಿದೆ. ಅವರು ಕೇಳಿದ ಪ್ರಶ್ನೆಗೆ ಉತ್ತರವನ್ನು ಮತ್ತೆ ಓದಿ, ಈ ಸಲ ಅರ್ಥ ಮಾಡಿಕೊಂಡು, ಮೂರು ಪುಟ ಬರೆದು ಅದರೊಟ್ಟಿಗೆ ಇಟ್ಟಿದ್ದೆ. ತಲುಪಿತು ಎಂದಾಗಲಿ ಇಲ್ಲವೆಂದಾಗಲಿ ಕಾಗದ ಬರಲಿಲ್ಲ. ಮತ್ತೊಮ್ಮೆ ಹೋಗಿ ಕೇಳುವ ಹಕ್ಕು ನನಗಿದೆ ಎಂದು ಅನಿಸಲಿಲ್ಲ.